ರಂಜಕ ಹಾಕಿದರೆ ಹಂದಿ ಬೇಗ ಬೆಳೆಯುತ್ತದೆಯೇ? ತೌಡು, ಮೀನು, ಚಿಪ್ಪಿನ ಪುಡಿ, ಡಿಸಿಪಿ: ಯಾವುದು ನಿಜ, ಯಾವುದು ಸುಳ್ಳು?

ಹಂದಿ ಸಾಕುವವರ ನಡುವೆ, ಹಂದಿ ಮಾಂಸ ತಿನ್ನುವವರ ನಡುವೆ, ಫೋನಿನಿಂದ ಫೋನಿಗೆ ದಾಟುವ ಈ ಮಾತುಗಳನ್ನು ನೀವೂ ಕೇಳಿರಬಹುದು:

1. ಹಂದಿಗೆ ರಂಜಕ ತಿನ್ನಿಸಿ ದಿಢೀರನೆ ಕೊಬ್ಬಿಸುತ್ತಾರೆ, ಆ ಮಾಂಸ ವಿಷ.
2. ತೌಡಿನಲ್ಲೇ ಬೇಕಾದಷ್ಟು ರಂಜಕ ಇದೆ, ಅಂಗಡಿಯ ಖನಿಜ ಪುಡಿ ಬರೀ ಮೋಸ.
3. ಚಿಪ್ಪಿನ ಪುಡಿ ಹಾಕಿದರೆ ಸಾಕು, ಡಿಸಿಪಿ ಬೇಡ.
4. ಡಿಸಿಪಿ ಸಿಗದಿದ್ದರೆ ಗೊಬ್ಬರದ ಅಂಗಡಿಯ ಡಿಎಪಿ ಸ್ವಲ್ಪ ಹಾಕಿ, ಎರಡೂ ಒಂದೇ.

ಮೊದಲೇ ಹೇಳಿಬಿಡುತ್ತೇವೆ: ನಾಲ್ಕರಲ್ಲಿ ಒಂದೂ ಪೂರ್ತಿ ನಿಜವಲ್ಲ. ಮೊದಲನೆಯದು ಸುಳ್ಳು. ಎರಡನೆಯದೂ ಮೂರನೆಯದೂ ಅರ್ಧ ನಿಜ. ನಾಲ್ಕನೆಯದನ್ನು ನಂಬಿದರೆ ಹಂದಿಗೆ ಅಪಾಯ. ಯಾಕೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಕಾರವಾರ, ಅಂಕೋಲಾ ಕಡೆಯ ಓದುಗರಿಗೆ ಇದು ದೂರದ ವಿಷಯವಲ್ಲ. ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಹಬ್ಬ, ಮದುವೆ ಎಂದರೆ ಹಂದಿ ಮಾಂಸಕ್ಕೆ ಬೇಡಿಕೆ. ಇತ್ತ ಬೈತಕೋಲ್ ಬಂದರಿನಿಂದ ಬೇಲೆಕೇರಿವರೆಗೆ ಮೀನಿನ ತಲೆ, ಮುಳ್ಳು, ಒಣಮೀನಿನ ಚೂರು ಸಿಗುತ್ತವೆ. ಹೊಳೆಬಾಯಿಗಳಲ್ಲಿ ಚಿಪ್ಪು, ಗಿರಣಿಯಲ್ಲಿ ತೌಡು. ನಾಲ್ಕು ಮರಿ ತಂದು ಸಾಕಲು ಹೊರಟವರು ಮೊದಲು ಕೈ ಹಾಕುವುದು ಇವುಗಳಿಗೇ. ಹಾಗಾಗಿ ಇವುಗಳಲ್ಲಿ ಏನಿದೆ, ಅದರಲ್ಲಿ ಹಂದಿಗೆ ಎಷ್ಟು ದಕ್ಕುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ರಂಜಕ ಅಂದರೆ ಬೆಂಕಿಕಡ್ಡಿಯ ಮದ್ದಲ್ಲವೇ?

ಹೆದರಿಕೆಯ ಬೇರು ಇಲ್ಲಿದೆ. ರಂಜಕ ಎಂದ ಕೂಡಲೇ ನೆನಪಾಗುವುದು ಬೆಂಕಿಪೊಟ್ಟಣ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೆನ್ನಿಂಗ್ ಬ್ರಾಂಡ್ ಎಂಬಾತ ಮೂತ್ರವನ್ನು ಕುದಿಸಿ ಬತ್ತಿಸಿ, ಕಾಯಿಸಿ, ಕತ್ತಲಲ್ಲಿ ಹೊಳೆಯುವ ಒಂದು ವಸ್ತುವನ್ನು ಪಡೆದ. ಅದೇ ಬಿಳಿ ರಂಜಕ. ಅದು ನಿಜವಾಗಿಯೂ ಘೋರ ವಿಷ. ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಅದರ ಹೊಗೆಗೆ ಕೆಲಸಗಾರರ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಭಾರತದಲ್ಲಿ 1913ರಲ್ಲೇ ಬಿಳಿ ರಂಜಕದ ಬೆಂಕಿಕಡ್ಡಿಯನ್ನು ಕಾನೂನು ಮಾಡಿ ನಿಷೇಧಿಸಿದರು.

ಆದರೆ ಹಂದಿಯ ಆಹಾರದಲ್ಲಿ ಇರುವುದು ಅದಲ್ಲ. ಅಲ್ಲಿರುವುದು ಫಾಸ್ಫೇಟ್, ಅಂದರೆ ಆಮ್ಲಜನಕದ ಜೊತೆ ಕೂಡಿಕೊಂಡ ರಂಜಕ. ಎರಡಕ್ಕೂ ಇರುವ ವ್ಯತ್ಯಾಸ ಅಡುಗೆ ಉಪ್ಪಿನ ಉದಾಹರಣೆಯಿಂದ ಗೊತ್ತಾಗುತ್ತದೆ. ಉಪ್ಪಿನಲ್ಲಿ ಸೋಡಿಯಂ, ಕ್ಲೋರಿನ್ ಇವೆ. ಬಿಡಿ ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಬಿಡಿ ಕ್ಲೋರಿನ್ ವಿಷಾನಿಲ. ಎರಡೂ ಕೂಡಿದಾಗ ನಾವು ದಿನಾ ಗಂಜಿಗೆ ಹಾಕಿಕೊಳ್ಳುವ ಉಪ್ಪು. ಫಾಸ್ಫೇಟ್ ಕೂಡ ಹಾಗೆಯೇ. ಮೀನಿನ ಮುಳ್ಳಿನಲ್ಲಿ, ಹಾಲಿನಲ್ಲಿ, ಬೇಳೆಯಲ್ಲಿ, ನಮ್ಮ ಹಲ್ಲಿನಲ್ಲಿ ಇರುವುದು ಅದೇ. ಅದು ಹಾರ್ಮೋನ್ ಅಲ್ಲ, ಕೊಬ್ಬಿಸುವ ಮದ್ದೂ ಅಲ್ಲ.

ಹಂದಿಗೆ ಅದು ಬೇಕಾದರೂ ಯಾಕೆ?

ಹಂದಿಯ ಮೈಯಲ್ಲಿರುವ ರಂಜಕದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಮೂಳೆ, ಹಲ್ಲುಗಳಲ್ಲಿದೆ. ಕ್ಯಾಲ್ಸಿಯಂ ಜೊತೆ ಸೇರಿ ಮೂಳೆಗೆ ಗಟ್ಟಿತನ ಕೊಡುವುದು ಅದೇ. ಉಳಿದದ್ದು ಪ್ರತಿಯೊಂದು ಜೀವಕೋಶದಲ್ಲೂ ಇದೆ. ತಿಂದ ಆಹಾರ ಶಕ್ತಿಯಾಗಬೇಕಾದರೆ, ಮಾಂಸಖಂಡ ಬೆಳೆಯಬೇಕಾದರೆ ರಂಜಕ ಬೇಕೇ ಬೇಕು.

ಕೊರತೆಯಾದರೆ ಮೊದಲು ಕಾಣುವುದು ಕಾಲಿನ ತೊಂದರೆಯಲ್ಲ. ಮರಿ ತಿನ್ನುವುದು ಕಡಿಮೆಯಾಗುತ್ತದೆ. ತಿಂದದ್ದೂ ಮೈಗೆ ಹತ್ತುವುದಿಲ್ಲ. "ಮರಿ ಏಳುತ್ತಲೇ ಇಲ್ಲ" ಎಂದು ಮಾಲೀಕ ತೌಡು ಹೆಚ್ಚಿಸುತ್ತಾನೆ, ಜಂತಿನ ಮಾತ್ರೆ ಕೊಡುತ್ತಾನೆ. ಗೋಡೆ ನೆಕ್ಕುವುದು, ಮರ ಕಡಿಯುವುದು ಶುರುವಾಗುತ್ತದೆ. ಆಮೇಲೆ ಕೀಲು ಊದಿಕೊಂಡು ಕಾಲು ಸೊಟ್ಟಗಾಗುತ್ತದೆ, ಏಳಲು ಕಷ್ಟಪಡುತ್ತದೆ. ಹಾಲೂಡುವ ತಾಯಿ ಹಂದಿಯಾದರೆ ಹಾಲಿಗಾಗಿ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ, ರಂಜಕ ತೆಗೆದು ಕೊಡುತ್ತದೆ. ಕೊನೆಗೆ ಸೊಂಟದ ಕೆಳಗೆ ಬಲವಿಲ್ಲದೆ ಕುಳಿತುಬಿಡುವುದೂ ಉಂಟು. ಅಷ್ಟು ಹೊತ್ತಿಗೆ ಆರು ತಿಂಗಳ ಖರ್ಚು ನೀರಿಗೆ ಹೋಗಿರುತ್ತದೆ.

ಹಾಗಾದರೆ ಎಷ್ಟು ಬೇಕು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ಪಶು ಆಹಾರ ತಜ್ಞರು ಬಹಳ ಕಡೆ ಬಳಸುತ್ತಾರೆ. ಅದರ ಪ್ರಕಾರ 100 ಕೆಜಿ ಆಹಾರದಲ್ಲಿ ಜೀರ್ಣವಾಗುವ ರಂಜಕ ಇಷ್ಟಿರಬೇಕು:

- 11ರಿಂದ 25 ಕೆಜಿ ತೂಕದ ಮರಿಗೆ: 330 ಗ್ರಾಂ
- 25ರಿಂದ 50 ಕೆಜಿ: 310 ಗ್ರಾಂ
- 50ರಿಂದ 75 ಕೆಜಿ: 270 ಗ್ರಾಂ
- 75ರಿಂದ 100 ಕೆಜಿ: 240 ಗ್ರಾಂ

ಎರಡು ವಿಷಯ ಗಮನಿಸಿ. ಒಂದು, ಹಂದಿ ದೊಡ್ಡದಾದಂತೆ ಆಹಾರದಲ್ಲಿರಬೇಕಾದ ಪ್ರಮಾಣ ಕಡಿಮೆಯಾಗುತ್ತದೆ. ಎಳೆಯ ಮರಿಗೆ ಹೆಚ್ಚು ಬೇಕು, ಕೊಯ್ಯುವ ಮುಂಚೆ ಅಲ್ಲ. ಎರಡು, ಪಟ್ಟಿ ಹೇಳುವುದು "ಜೀರ್ಣವಾಗುವ" ರಂಜಕದ ಲೆಕ್ಕ. ಈ ಒಂದು ಪದ ಮರೆತದ್ದರಿಂದಲೇ ಎರಡನೇ ಸಂದೇಶ ಹುಟ್ಟಿದೆ.

ಈ ಲೆಕ್ಕ ಬೇಗ ಬೆಳೆಯುವ ಯಾರ್ಕ್‌ಶೈರ್‌ನಂಥ ಬಿಳಿ ಹಂದಿಗೆ ಹೊಂದುವಂಥದ್ದು. ಹಿತ್ತಲಲ್ಲಿ ಮಣ್ಣು ಕೆದಕಿ ಹುಳು, ಗೆಡ್ಡೆ ತಿಂದು ಬೆಳೆಯುವ ನಾಟಿ ಹಂದಿ ನಿಧಾನ ಬೆಳೆಯುತ್ತದೆ, ಅದರ ದಿನದ ಅಗತ್ಯವೂ ಕಡಿಮೆ. ಗಡಿಯಾಚೆ ಕಾಣಕೋಣ ತಾಲೂಕಿನ ಅಗೊಂದದ ಹೆಸರನ್ನೇ ಹೊತ್ತ "ಅಗೊಂದ ಗೋವನ್" ಎಂಬ ನಾಟಿ ತಳಿ ಇದೆ. ಅಜ್ಜನ ಕಾಲದಲ್ಲಿ ಯಾವ ಪುಡಿಯೂ ಇಲ್ಲದೆ ಹಂದಿ ಬೆಳೆಯುತ್ತಿರಲಿಲ್ಲವೇ ಎಂದು ಕೇಳುವವರಿಗೆ ಉತ್ತರ ಇದೇ: ಆ ಹಂದಿ ಬೇರೆ, ಅದರ ವೇಗ ಬೇರೆ, ಅದು ತಿರುಗಾಡುತ್ತಿದ್ದ ಜಾಗ ಬೇರೆ. ಬಿಳಿ ಹಂದಿಯನ್ನು ಸಿಮೆಂಟಿನ ಗೂಡಿನಲ್ಲಿ ಕೂಡಿಹಾಕಿ ಅಜ್ಜನ ಲೆಕ್ಕದಲ್ಲಿ ಸಾಕಲಾಗದು.

ತೌಡು: ಪೆಟ್ಟಿಗೆ ತುಂಬಾ ಇದೆ, ಬೀಗದ ಕೈ ಇಲ್ಲ

ಅಕ್ಕಿ ತೌಡಿನಲ್ಲಿ ರಂಜಕ ಬೇಕಾದಷ್ಟಿದೆ ಎಂಬ ಮಾತು ಸುಳ್ಳಲ್ಲ. 100 ಕೆಜಿ ತೌಡಿನಲ್ಲಿ ಒಂದೂವರೆ ಕೆಜಿಗೂ ಹೆಚ್ಚು ಇರುತ್ತದೆ. ಗೋವಿನಜೋಳದಲ್ಲಿ ಇರುವುದು ಕಾಲು ಕೆಜಿಯಷ್ಟು ಮಾತ್ರ. ಆದರೆ ತೌಡಿನ ರಂಜಕದಲ್ಲಿ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿದೆ. ಮೊಳಕೆಯೊಡೆಯುವಾಗ ಬೇಕಾಗುತ್ತದೆ ಎಂದು ಕಾಳು ತನ್ನ ರಂಜಕವನ್ನು ಬೀಗ ಹಾಕಿ ಇಟ್ಟುಕೊಳ್ಳುವ ವಿಧಾನ ಅದು. ಒಂದು ಉಂಗುರಕ್ಕೆ ಆರು ಫಾಸ್ಫೇಟ್ ಮಣಿ ಬಿಗಿದಂಥ ರಚನೆ.

ಆ ಬೀಗ ತೆಗೆಯುವ ಕಿಣ್ವದ ಹೆಸರು ಫೈಟೇಸ್. (ಫೈಟೇಟ್ ಬೀಗ, ಫೈಟೇಸ್ ಕೀಲಿಕೈ, ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ.) ಹಂದಿಯ ಹೊಟ್ಟೆಯಲ್ಲಿ ಫೈಟೇಸ್ ಬಹಳ ಕಡಿಮೆ. ಹಾಗಾಗಿ ತೌಡಿನ ರಂಜಕದಲ್ಲಿ ಹಂದಿಗೆ ದಕ್ಕುವುದು ಕಾಲು ಭಾಗಕ್ಕಿಂತ ಕಡಿಮೆ. ಗೋವಿನಜೋಳದಲ್ಲಿ ಮೂರರಲ್ಲಿ ಒಂದು ಪಾಲು, ಸೋಯಾ ಹಿಂಡಿಯಲ್ಲಿ ಅರ್ಧದಷ್ಟು. ಮಿಕ್ಕಿದ್ದೆಲ್ಲ ಸಗಣಿಯಲ್ಲಿ ಹೊರಗೆ.

"ನಮ್ಮ ಎಮ್ಮೆಗೆ ತೌಡು ಕೊಟ್ಟರೆ ಚೆನ್ನಾಗಿಯೇ ಇದೆಯಲ್ಲ?" ಎಂದು ನೀವು ಕೇಳಬಹುದು. ಹೌದು. ದನ, ಎಮ್ಮೆ, ಆಡುಗಳ ಮೊದಲ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ, ಅವು ಫೈಟೇಸ್ ತಯಾರಿಸುತ್ತವೆ. ಮೆಲುಕು ಹಾಕುವ ಪ್ರಾಣಿಗೆ ಕೀಲಿಕೈ ಹೊಟ್ಟೆಯಲ್ಲೇ ಇದೆ. ಹಂದಿಗೂ ಕೋಳಿಗೂ ಅದಿಲ್ಲ. ಎಮ್ಮೆಯ ಲೆಕ್ಕವನ್ನು ಹಂದಿಗೆ ಹಾಕುವುದೇ ತಪ್ಪು.

ಒಂದು ಸ್ವಾರಸ್ಯ: ಫೈಟೇಸನ್ನು ಮೊದಲು ಪತ್ತೆ ಮಾಡಿದ್ದು ಅಕ್ಕಿ ತೌಡಿನಲ್ಲಿಯೇ, 1907ರಲ್ಲಿ, ಜಪಾನಿನ ಸುಝುಕಿ ಮತ್ತು ಸಂಗಡಿಗರು. ಆದರೆ ತೌಡಿನಲ್ಲಿ ಅದು ಇರುವುದು ಅಷ್ಟಕ್ಕಷ್ಟೆ, ಹಂದಿಯ ಕೆಲಸಕ್ಕೆ ಸಾಲದು. ಗೋಧಿ ಬೂಸಾದಲ್ಲಿ ಅದು ಚೆನ್ನಾಗಿದೆ. ಅದಕ್ಕೇ ಗೋಧಿ ಬೂಸಾದ ರಂಜಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಂದಿಗೆ ಸಿಗುತ್ತದೆ. ಆದರೆ ಕಿಣ್ವ ಬಿಸಿಗೆ ಕೆಡುತ್ತದೆ. ಬೂಸಾವನ್ನು ಗಂಜಿಯಂತೆ ಕುದಿಸಿದರೆ ಆ ಲಾಭ ಹೋಯಿತು. ಕುದಿಸುವ ಬದಲು ಉಳಿದ ಆಹಾರದ ಜೊತೆ ಕೆಲವು ಗಂಟೆ ನೀರಿನಲ್ಲಿ ನೆನೆಸಿ ಕೊಟ್ಟರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಕರಾವಳಿಯ ಸೆಕೆಗೆ ನೆನೆಸಿದ್ದು ಬೇಗ ಕೆಡುವುದರಿಂದ ಅಂದಿನದು ಅಂದೇ ಖಾಲಿಯಾಗಲಿ.

ಮೀನು: ಹಿತ್ತಲ ಗಿಡವೂ ಮದ್ದೇ

ಈ ಭಾಗದವರಿಗೆ ಇದು ಒಳ್ಳೆಯ ಸುದ್ದಿ. ಮೀನಿನ ಮುಳ್ಳು ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್. ಅದಕ್ಕೆ ಫೈಟೇಟಿನ ಬೀಗವಿಲ್ಲ. ಒಳ್ಳೆಯ ಮೀನಿನ ಹಿಟ್ಟಿನಲ್ಲಿ 100 ಕೆಜಿಗೆ ಸುಮಾರು 3 ಕೆಜಿ ರಂಜಕ ಇರುತ್ತದೆ, ಅದರಲ್ಲಿ 80 ಭಾಗದಷ್ಟು ಹಂದಿಗೆ ದಕ್ಕುತ್ತದೆ. ಜೊತೆಗೆ ಉತ್ತಮ ಪ್ರೋಟೀನ್. ಬಂಗಡೆ, ತಾರ್ಲೆಯ ತಲೆ, ಮುಳ್ಳು, ಬಾಲ ಬಿಸಾಡುವ ವಸ್ತುವಲ್ಲ.

ಆದರೆ ನಾಲ್ಕು ಎಚ್ಚರಿಕೆ.

ಮೊದಲನೆಯದು ಉಪ್ಪು, ಇದು ಜೀವದ ಪ್ರಶ್ನೆ. ಉಪ್ಪು ಹಾಕಿ ಒಣಗಿಸಿದ ಮೀನಿನಲ್ಲಿ ನೂರಕ್ಕೆ ಹತ್ತು ಭಾಗಕ್ಕೂ ಹೆಚ್ಚು ಉಪ್ಪಿರಬಹುದು. ಅಂಥ ಮೀನಿನ ಚೂರು ತಿಂದು ಕುಡಿಯಲು ನೀರು ಸಾಲದೆ ಹೋದರೆ ಹಂದಿಗೆ ಉಪ್ಪಿನ ವಿಷ ಏರುತ್ತದೆ. ಕುರುಡಾದಂತೆ ಅಲೆಯುವುದು, ಗೋಡೆಗೆ ತಲೆ ಒತ್ತುವುದು, ನಾಯಿಯಂತೆ ಕುಳಿತು ಹಿಂದಕ್ಕೆ ವಾಲುವುದು, ಸೆಳೆತ ಇವು ಲಕ್ಷಣ. ಆಗ ಗಾಬರಿಯಲ್ಲಿ ಬಕೆಟ್‌ಗಟ್ಟಲೆ ನೀರು ಒಮ್ಮೆಲೇ ಕುಡಿಸಿದರೆ ಮಿದುಳು ಊದಿ ಸಾಯಬಹುದು. ಸ್ವಲ್ಪ ಸ್ವಲ್ಪವೇ ನೀರು ಕೊಡುತ್ತ ಕೂಡಲೇ ಪಶುವೈದ್ಯರನ್ನು ಕರೆಯಿರಿ. ಉಪ್ಪುಮೀನನ್ನು ಕೊಡದಿರುವುದೇ ಲೇಸು. ಉಪ್ಪಿಲ್ಲದೆ ಒಣಗಿಸಿದ್ದು ಅಥವಾ ಹಸಿ ಮೀನಿನ ಉಳಿಕೆ ಬೇಯಿಸಿದ್ದು ಮಾತ್ರ ಬಳಸಿ. ಗೂಡಿನಲ್ಲಿ ಸದಾ ಸಿಹಿನೀರು ಇರಲಿ.

ಎರಡನೆಯದು, ಬೇಯಿಸಿ ಕೊಡಿ. ಕೆಲವು ಜಾತಿಯ ಹಸಿಮೀನಿನಲ್ಲಿ ಬಿ1 ವಿಟಮಿನ್ ಅನ್ನು ನಾಶಮಾಡುವ ಕಿಣ್ವ ಇದೆ. ಬೇಯಿಸಿದರೆ ಅದು ಕೆಡುತ್ತದೆ, ರೋಗಾಣುಗಳೂ ಸಾಯುತ್ತವೆ.

ಮೂರನೆಯದು, ಮಿತಿ. ಮೀನಿನ ಎಣ್ಣೆ ಹಂದಿಯ ಕೊಬ್ಬಿನಲ್ಲಿ ಸೇರಿ ಮಾಂಸಕ್ಕೆ ಮೀನಿನ ವಾಸನೆ ಬರುತ್ತದೆ. ಮೀನಿನ ಹಿಟ್ಟನ್ನು 100 ಕೆಜಿ ಆಹಾರಕ್ಕೆ 5 ಕೆಜಿಯೊಳಗೆ ಇಟ್ಟುಕೊಂಡು, ಕೊಯ್ಯುವ ಕೆಲವು ವಾರ ಮೊದಲೇ ನಿಲ್ಲಿಸುವುದು ರೂಢಿ. ಗಿರಾಕಿ ಒಮ್ಮೆ ಮೂಗು ಮುಚ್ಚಿಕೊಂಡರೆ ಮುಂದಿನ ವರ್ಷ ಬರುವುದಿಲ್ಲ.

ನಾಲ್ಕನೆಯದು, ಕಲಬೆರಕೆ. ಅಗ್ಗದ ಮೀನಿನ ಹಿಟ್ಟಿನಲ್ಲಿ ಮರಳಿರಬಹುದು. ಒಂದು ಚಮಚ ಹಿಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು ತಳ ಮುಟ್ಟಿ ನೋಡಿ. ಮರಳಿದ್ದರೆ ಬೆರಳಿಗೇ ತಿಳಿಯುತ್ತದೆ.

ಹೋಟೆಲಿನ ಎಂಜಲು, ಮನೆಯ ಅಕ್ಕಚ್ಚು ಕೊಡುವವರಿಗೂ ಒಂದು ಮಾತು. ಅನ್ನದಲ್ಲಿ ರಂಜಕ ಬಹಳ ಕಡಿಮೆ, ಗಂಜಿನೀರಿನಲ್ಲಿ ಇನ್ನೂ ಕಡಿಮೆ. ಹೊಟ್ಟೆ ತುಂಬುತ್ತದೆ, ಮೂಳೆ ಬೆಳೆಯುವುದಿಲ್ಲ. ಅದಕ್ಕಿಂತ ದೊಡ್ಡದು, 2020ರಲ್ಲಿ ಭಾರತಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರದ ಭಯ. ಅದು ಮನುಷ್ಯರಿಗೆ ಬರುವುದಿಲ್ಲ, ಆದರೆ ಗೂಡಿಗೆ ಗೂಡೇ ಖಾಲಿ ಮಾಡುತ್ತದೆ, ಚಿಕಿತ್ಸೆಯಿಲ್ಲ. ಹಂದಿ ಮಾಂಸ ಬೆರೆತ ಎಂಜಲಿನಿಂದ ಅದು ಹರಡುತ್ತದೆ. ಅಂಥದ್ದನ್ನು ಕೊಡಲೇಬೇಡಿ. ಉಳಿದ ಎಂಜಲನ್ನೂ ಕಲಕುತ್ತ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕುದಿಸಿ, ಆರಿಸಿ ಕೊಡಿ.

ಚಿಪ್ಪಿನ ಪುಡಿ: ಬೇಕು, ಆದರೆ ಅದು ರಂಜಕವಲ್ಲ

ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ ಧಾರಾಳ, ರಂಜಕ ಇಲ್ಲವೆಂದೇ ಹೇಳಬೇಕು. ಹಂದಿಗೆ ಕ್ಯಾಲ್ಸಿಯಂ ಕೂಡ ಬೇಕು. ತೌಡು, ಜೋಳಗಳಲ್ಲಿ ಅದು ಬಹಳ ಕಡಿಮೆ. ಹಾಗಾಗಿ ಚಿಪ್ಪಿನ ಪುಡಿಗೆ ಅದರದೇ ಜಾಗವಿದೆ.

ತಪ್ಪಾಗುವುದು "ಒಳ್ಳೆಯದಲ್ಲವೇ, ಇನ್ನೊಂದು ಹಿಡಿ ಹಾಕು" ಎಂದಾಗ. ಕ್ಯಾಲ್ಸಿಯಂ ಅತಿಯಾದರೆ ಅದು ಕರುಳಿನಲ್ಲಿ ಇರುವ ರಂಜಕವನ್ನೂ ಕಟ್ಟಿಹಾಕುತ್ತದೆ. ಅಂದರೆ ರಂಜಕದ ಕೊರತೆ ನೀಗಲೆಂದು ಹಾಕಿದ ಚಿಪ್ಪು ಕೊರತೆಯನ್ನೇ ಹೆಚ್ಚಿಸುತ್ತದೆ! ಒಟ್ಟು ಕ್ಯಾಲ್ಸಿಯಂ, ಒಟ್ಟು ರಂಜಕಕ್ಕೆ ಸಮ ಅಥವಾ ಅದರ ಒಂದೂಕಾಲು ಪಟ್ಟಿನೊಳಗೆ ಇರಬೇಕು ಎಂಬುದು ಸಾಮಾನ್ಯ ನಿಯಮ.

ಇನ್ನೊಂದು ಪೆಟ್ಟು ಚರ್ಮದ ಮೇಲೆ. ಕ್ಯಾಲ್ಸಿಯಂ ಮತ್ತು ಫೈಟೇಟ್ ಎರಡೂ ಹೆಚ್ಚಾದಾಗ ಸತು (ಜಿಂಕ್) ದೇಹಕ್ಕೆ ಸಿಗುವುದಿಲ್ಲ. ಹಂದಿಯ ಹೊಟ್ಟೆ, ಕಾಲುಗಳ ಮೇಲೆ ಹೆಕ್ಕಳೆ ಎದ್ದು ಚರ್ಮ ಒರಟಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಇದು ಸತುವಿನ ಕೊರತೆ ಎಂದು 1955ರಲ್ಲಿ ಅಮೆರಿಕದ ಟಕರ್ ಮತ್ತು ಸಾಲ್ಮನ್ ತೋರಿಸಿಕೊಟ್ಟರು. ಕಜ್ಜಿ ಎಂದು ತಿಳಿದು ಎಣ್ಣೆ ಹಚ್ಚಿದರೆ ಇದು ವಾಸಿಯಾಗದು. ತೌಡು ಮತ್ತು ಚಿಪ್ಪು ಎರಡನ್ನೇ ನಂಬಿದ ಗೂಡಿನಲ್ಲಿ ಹೀಗಾಗಲು ದಾರಿ ಸಲೀಸು.

ಸುಟ್ಟ ಸುಣ್ಣವನ್ನಂತೂ ಆಹಾರಕ್ಕೆ ಹಾಕಬೇಡಿ. ಅದು ಬಾಯಿ, ಹೊಟ್ಟೆ ಸುಡುತ್ತದೆ. ಬೇಕಾದದ್ದು ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿದ ಚಿಪ್ಪು.

ಡಿಸಿಪಿ ಮತ್ತು ಡಿಎಪಿ: ಒಂದಕ್ಷರ ತಪ್ಪಿದರೂ ಕಷ್ಟ

ಡಿಸಿಪಿ ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್. 100 ಕೆಜಿ ಡಿಸಿಪಿಯಲ್ಲಿ ಸುಮಾರು 18 ಕೆಜಿ ರಂಜಕ, 20 ಕೆಜಿಗೂ ಮಿಕ್ಕಿ ಕ್ಯಾಲ್ಸಿಯಂ ಇರುತ್ತದೆ. ಅದರ ರಂಜಕದಲ್ಲಿ 80 ಭಾಗದಷ್ಟು ಹಂದಿಗೆ ದಕ್ಕುತ್ತದೆ. ಮೋನೊಕ್ಯಾಲ್ಸಿಯಂ ಫಾಸ್ಫೇಟ್ ಎಂಬುದು ಇನ್ನೂ ಸ್ವಲ್ಪ ಚೆನ್ನಾಗಿ ಜೀರ್ಣವಾಗುತ್ತದೆ.

ಡಿಎಪಿ ಅಂದರೆ ಡೈಅಮೋನಿಯಂ ಫಾಸ್ಫೇಟ್, ಗದ್ದೆಗೆ ಹಾಕುವ ಗೊಬ್ಬರ. ಅದರ ಚೀಲದ ಮೇಲೆ 18-46 ಎಂದು ಬರೆದಿರುತ್ತದೆ. ಡಿಸಿಪಿಯಲ್ಲೂ 18, ಇಲ್ಲೂ 18 ಎಂದು ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಆದರೆ ಡಿಎಪಿಯ 18 ರಂಜಕವಲ್ಲ, ಸಾರಜನಕ! ಆ ಸಾರಜನಕದಿಂದ ಹಂದಿ ಪ್ರೋಟೀನ್ ಮಾಡಿಕೊಳ್ಳಲಾರದು, ಅದನ್ನು ಹೊರಹಾಕುವ ಹೊರೆ ಮೂತ್ರಪಿಂಡದ ಮೇಲೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾದ ವಿಷಯ, ಗೊಬ್ಬರ ತಯಾರಾಗುವುದು ಶಿಲಾರಂಜಕದಿಂದ. ಆ ಕಲ್ಲಿನಲ್ಲಿ ಫ್ಲೋರೈಡ್ ಹೇರಳ, ಕ್ಯಾಡ್ಮಿಯಂನಂಥ ಭಾರಲೋಹಗಳೂ ಇರಬಹುದು. ಪಶು ಆಹಾರಕ್ಕೆಂದು ಮಾಡುವಾಗ ಅವನ್ನು ಮಿತಿಗೆ ಇಳಿಸುತ್ತಾರೆ, ಗೊಬ್ಬರಕ್ಕೆ ಆ ಶುದ್ಧಿ ಬೇಕಿಲ್ಲ. ಫ್ಲೋರೈಡ್ ಮೈಯಲ್ಲಿ ಸೇರುತ್ತ ಹೋದರೆ ಹಲ್ಲು, ಮೂಳೆ ಕೆಡುತ್ತವೆ. ಬಯಲುಸೀಮೆಯ ಫ್ಲೋರೈಡ್ ನೀರಿನ ಊರುಗಳ ಕಥೆ ನಿಮಗೆ ಗೊತ್ತೇ ಇದೆ. ಸೂಪರ್ ಫಾಸ್ಫೇಟ್, ರಾಕ್ ಫಾಸ್ಫೇಟ್ ಚೀಲಗಳಿಗೂ ಇದೇ ಮಾತು.

ಕೊಳ್ಳುವಾಗ ಚೀಲದ ಮೇಲೆ "ಪಶು ಆಹಾರ ದರ್ಜೆ" ಎಂದಿದೆಯೇ ನೋಡಿ. ಭಾರತೀಯ ಮಾನಕ ಬ್ಯೂರೋ ಪಶು ಆಹಾರದ ಡಿಸಿಪಿಗೆ ಐಎಸ್ 5470 ಎಂಬ ಮಾನಕ ಮಾಡಿದೆ. ಬಿಡಿಯಾಗಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಡುವ ಬಿಳಿ ಪುಡಿ ಡಿಸಿಪಿಯೋ ಸುಣ್ಣವೋ ಕಣ್ಣಿಗೆ ತಿಳಿಯದು.

ಒಂದು ಚೀಲದ ಲೆಕ್ಕ

ಮಾತು ಸಾಕು, ಲೆಕ್ಕ ಹಾಕೋಣ. 25ರಿಂದ 50 ಕೆಜಿ ತೂಕದ ಮರಿಗಳಿಗೆ 45 ಕೆಜಿ ಗೋವಿನಜೋಳ, 35 ಕೆಜಿ ತೌಡು, 20 ಕೆಜಿ ಸೋಯಾ ಹಿಂಡಿ ಸೇರಿಸಿ 100 ಕೆಜಿ ಆಹಾರ ಮಾಡಿದ್ದೀರಿ ಅನ್ನಿ.

ಒಟ್ಟು ರಂಜಕ:
- ಜೋಳದಿಂದ ಸುಮಾರು 117 ಗ್ರಾಂ
- ತೌಡಿನಿಂದ ಸುಮಾರು 560 ಗ್ರಾಂ
- ಸೋಯಾದಿಂದ ಸುಮಾರು 140 ಗ್ರಾಂ
- ಒಟ್ಟು ಸುಮಾರು 817 ಗ್ರಾಂ

ಸಾಕಷ್ಟಾಯಿತಲ್ಲ ಅನಿಸುತ್ತದೆ. ಈಗ ಹಂದಿಗೆ ದಕ್ಕುವುದು ನೋಡಿ:
- ಜೋಳದಿಂದ ಸುಮಾರು 40 ಗ್ರಾಂ
- ತೌಡಿನಿಂದ ಸುಮಾರು 129 ಗ್ರಾಂ
- ಸೋಯಾದಿಂದ ಸುಮಾರು 67 ಗ್ರಾಂ
- ಒಟ್ಟು ಸುಮಾರು 236 ಗ್ರಾಂ

ಬೇಕಾದದ್ದು 310 ಗ್ರಾಂ. ಕೊರತೆ 74 ಗ್ರಾಂ. ಇದನ್ನು ತುಂಬಲು ಬೇಕಾಗುವ ಡಿಸಿಪಿ ಎಷ್ಟು ಗೊತ್ತೇ? ಬರೀ ಅರ್ಧ ಕೆಜಿ. ಅಥವಾ ಸುಮಾರು 3 ಕೆಜಿ ಒಳ್ಳೆಯ ಮೀನಿನ ಹಿಟ್ಟು. ಡಿಸಿಪಿ ಹಾಕಿದರೆ ಕ್ಯಾಲ್ಸಿಯಂ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತದೆ. ಅದಕ್ಕೆ ಸುಮಾರು 1 ಕೆಜಿ ಚಿಪ್ಪಿನ ಪುಡಿ. ಚಿಪ್ಪಿನ ಜಾಗ ಇಷ್ಟೇ.

ನಿಮ್ಮ ತೌಡು, ಹಿಂಡಿ ಬೇರೆಯಾದರೆ ಅಂಕಿಗಳೂ ಬದಲಾಗುತ್ತವೆ. ಇದನ್ನೇ ಚೀಟಿಯಂತೆ ಬಳಸಬೇಡಿ, ಲೆಕ್ಕದ ದಾರಿ ತಿಳಿಯಲಿ ಎಂದು ಕೊಟ್ಟಿದ್ದೇವೆ. ಅಂಗಡಿಯ ಸಿದ್ಧ ಹಂದಿ ಆಹಾರ ಕೊಡುವವರಾದರೆ ಅದರಲ್ಲಿ ಇವೆಲ್ಲ ಮೊದಲೇ ಸೇರಿರುತ್ತವೆ, ಮೇಲಿಂದ ಹಾಕುವ ಅಗತ್ಯವಿಲ್ಲ.

ಕೀಲಿಕೈಯನ್ನೇ ಕೊಂಡು ಹಾಕಿದರೆ?

ಅದೂ ಆಗುತ್ತದೆ. ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಫೈಟೇಸ್ ಪುಡಿ 1991ರಿಂದ ಮಾರುಕಟ್ಟೆಯಲ್ಲಿದೆ. ಮೊದಲು ಬಂದದ್ದು ನೆದರ್ಲೆಂಡ್ಸಿನಲ್ಲಿ. ಅಲ್ಲಿ ಹಂದಿಗಳ ಸಗಣಿಯಿಂದ ಹೊರಬಂದ ರಂಜಕ ಮಣ್ಣು, ನೀರಿಗೆ ಸೇರಿ ದೊಡ್ಡ ತಲೆನೋವಾಗಿತ್ತು. ಜೀರ್ಣವಾಗದ ರಂಜಕ ಹೊಂಡ, ಕೆರೆ ಸೇರಿದರೆ ಪಾಚಿ ಉಕ್ಕಿ ನೀರಿನ ಆಮ್ಲಜನಕ ತೀರಿ ಮೀನು ಸಾಯುತ್ತವೆ. ಒಂದು ಕೆಜಿ ಆಹಾರಕ್ಕೆ 500 ಯೂನಿಟ್ ಆಸುಪಾಸಿನ ಫೈಟೇಸ್ ಬಳಸುವುದು ರೂಢಿ. ಇದರಿಂದ ತೌಡು, ಜೋಳದಲ್ಲೇ ಇರುವ ರಂಜಕ ಬಿಡುಗಡೆಯಾಗಿ ಡಿಸಿಪಿ ಉಳಿಯುತ್ತದೆ.

ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋಗಿ, ಜೊಲ್ಲಿನಲ್ಲೇ ಫೈಟೇಸ್ ತಯಾರಿಸುವ ಹಂದಿಯನ್ನು 1999ರಲ್ಲಿ ಹುಟ್ಟಿಸಿದರು. "ಎನ್ವಿರೊಪಿಗ್" ಎಂಬ ಆ ಕುಲಾಂತರಿ ಹಂದಿ ಮಾರುಕಟ್ಟೆಗೆ ಬರಲೇ ಇಲ್ಲ. 2012ರಲ್ಲಿ ಯೋಜನೆ ನಿಂತಿತು. ಪುಡಿಯಿಂದಲೇ ಕೆಲಸವಾಗುವಾಗ ಅಂಥ ಹಂದಿ ಯಾರಿಗೂ ಅಗತ್ಯವಾಗಿ ಕಾಣಲಿಲ್ಲ.

ನಾಲ್ಕು ಹಂದಿ ಸಾಕುವವರಿಗೆ ಅಳೆದು ಬೆರೆಸುವುದು ಕಷ್ಟ. ದೊಡ್ಡ ಗೂಡಿನವರಿಗೆ ಲಾಭ. ಬಳಸುವವರು ಬಿಸಿ ಗಂಜಿಗೆ ಸುರಿಯಬೇಡಿ, ಆರಿದ ಮೇಲೆ ಬೆರೆಸಿ.

ಹೆಚ್ಚು ಹಾಕಿದರೆ ಇನ್ನೂ ಬೇಗ ಬೆಳೆಯುವುದೇ?

ಇಲ್ಲ. ಕೊರತೆ ಇದ್ದಾಗ ರಂಜಕ ಕೊಟ್ಟರೆ ಬೆಳವಣಿಗೆ ಎದ್ದು ಕಾಣುತ್ತದೆ. ಕೊರತೆ ನೀಗಿದ ಮೇಲೆ ಎಷ್ಟು ಸುರಿದರೂ ತೂಕ ಏರುವುದಿಲ್ಲ. ಮಿಕ್ಕಿದ್ದು ಮೂತ್ರದಲ್ಲಿ, ಸಗಣಿಯಲ್ಲಿ ಹೋಗುತ್ತದೆ. ಡಿಸಿಪಿ ಹಾಕಿದ ತಿಂಗಳಲ್ಲೇ ಮರಿ ಎದ್ದಿತು ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರ ಹಂದಿಗೆ ಮೊದಲು ಕೊರತೆ ಇತ್ತು ಅಷ್ಟೇ. ಅದನ್ನು "ಕೊಬ್ಬಿಸುವ ಪುಡಿ" ಎಂದು ಫಾರ್ವರ್ಡ್ ಮಾಡಿದಾಗ ಅದು ಸುಳ್ಳಾಗುತ್ತದೆ.

ಒಂದು ಸೂಕ್ಷ್ಮ ಮಾತ್ರ ಇದೆ. ಚೆನ್ನಾಗಿ ತೂಕ ಬರಲು ಬೇಕಾದದ್ದಕ್ಕಿಂತ ಮೂಳೆ ಪೂರ್ತಿ ಗಟ್ಟಿಯಾಗಲು ತುಸು ಹೆಚ್ಚು ರಂಜಕ ಬೇಕು. ಕೊಯ್ಯುವ ಹಂದಿಗೆ ಇದು ಮುಖ್ಯವಲ್ಲ. ವರ್ಷಗಟ್ಟಲೆ ಮರಿ ಹಾಕಬೇಕಾದ ಹೆಣ್ಣು ಹಂದಿಗೆ ಮುಖ್ಯ. ತಳಿಗೆ ಇಟ್ಟುಕೊಳ್ಳುವ ಮರಿಗಳನ್ನು ಮೊದಲೇ ಬೇರೆ ಮಾಡಿ ನೋಡಿಕೊಳ್ಳಿ.

ಡಿ ವಿಟಮಿನ್ ಇಲ್ಲದಿದ್ದರೆ ಕ್ಯಾಲ್ಸಿಯಂ, ರಂಜಕ ಎರಡೂ ಮೈಗೆ ಹತ್ತವು. ಬಿಸಿಲು ಬಿದ್ದರೆ ಚರ್ಮವೇ ಅದನ್ನು ತಯಾರಿಸುತ್ತದೆ. ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಗೂಡಿನೊಳಗೇ ಇರುವ ಹಂದಿಗೆ ವಿಟಮಿನ್ ಸೇರಿಸಿದ ಖನಿಜ ಮಿಶ್ರಣ ಬೇಕಾಗುವುದು ಇದಕ್ಕೇ.

ಮಾಂಸ ತಿನ್ನುವವರಿಗೆ ಅಪಾಯವೇ?

100 ಗ್ರಾಂ ಹಂದಿ ಮಾಂಸದಲ್ಲಿ ಸುಮಾರು 200 ಮಿಲಿಗ್ರಾಂ ರಂಜಕ ಇರುತ್ತದೆ. ಕೋಳಿ, ಮೀನುಗಳಲ್ಲೂ ಹೆಚ್ಚು ಕಡಿಮೆ ಅಷ್ಟೇ. ಪಶು ಆಹಾರ ದರ್ಜೆಯ ಡಿಸಿಪಿ ತಿಂದ ಹಂದಿಯ ಮಾಂಸ ವಿಷವಾಗುವುದಿಲ್ಲ. ಹೆಚ್ಚುವರಿ ರಂಜಕವನ್ನು ದೇಹ ಹೊರಹಾಕುತ್ತದೆ, ಮಾಂಸದಲ್ಲಿ ಗುಡ್ಡೆ ಹಾಕುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದ ಮಿತಿ ಪಾಲಿಸಬೇಕು. ಅದು ಹಂದಿ, ಕೋಳಿ, ಮೀನು, ಹಾಲು ಎಲ್ಲಕ್ಕೂ ಅನ್ವಯ.

ಹಾಗಾದರೆ ನಾಲ್ಕು ಸಂದೇಶಗಳ ತೀರ್ಪು

1. ರಂಜಕ ತಿನ್ನಿಸಿದ ಹಂದಿ ವಿಷ: ಸುಳ್ಳು. ಫಾಸ್ಫೇಟ್ ಬೇರೆ, ಬಿಳಿ ರಂಜಕ ಬೇರೆ.
2. ತೌಡಿನಲ್ಲೇ ಸಾಕಷ್ಟಿದೆ: ಅರ್ಧ ನಿಜ. ಇದೆ, ಆದರೆ ಹಂದಿಗೆ ದಕ್ಕುವುದು ಕಾಲು ಭಾಗಕ್ಕೂ ಕಡಿಮೆ.
3. ಚಿಪ್ಪಿನ ಪುಡಿ ಸಾಕು: ಅರ್ಧ ನಿಜ. ಕ್ಯಾಲ್ಸಿಯಂ ಸಿಗುತ್ತದೆ, ರಂಜಕ ಸಿಗದು. ಅತಿಯಾದರೆ ಕೇಡು.
4. ಡಿಎಪಿ ಹಾಕಬಹುದು: ಸುಳ್ಳು, ಅಪಾಯ. ಇದನ್ನು ಯಾರಿಗೂ ಕಳಿಸಬೇಡಿ.

ಮರಿ ಏಳುತ್ತಿಲ್ಲ, ಕಾಲು ಎಳೆಯುತ್ತಿದೆ ಎಂದರೆ ಗುಂಪಿನಲ್ಲಿ ಫೋಟೋ ಹಾಕಿ ಕಾಯುವ ಬದಲು ತಾಲೂಕಿನ ಪಶು ಆಸ್ಪತ್ರೆಗೆ ಹೋಗಿ. ಅಥವಾ ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಿ. ಆಹಾರ ಮಿಶ್ರಣದ ಸಲಹೆಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಪ್ರಾಣಿಗಳ ಪೋಷಣೆಯ ಸಂಶೋಧನೆಗೆಂದೇ ಬೆಂಗಳೂರಿನಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆಯೂ ಇದೆ.

ಇನ್ನು ಮುಂದೆ "ಇದರಲ್ಲಿ ಇಷ್ಟು ರಂಜಕ ಇದೆ, ಅಷ್ಟು ಕ್ಯಾಲ್ಸಿಯಂ ಇದೆ" ಎಂಬ ಸಂದೇಶ ಬಂದರೆ, ಅದು ಹಂದಿಯದಾಗಲಿ ಮನುಷ್ಯರದಾಗಲಿ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಇರುವುದು ಗೊತ್ತಾಯಿತು, ಅದರಲ್ಲಿ ದಕ್ಕುವುದು ಎಷ್ಟು? ಉತ್ತರ ಬರದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ಉಳಿಯಲಿ.